ಹಸು ಕುಡಿಯುವುದು ಬಿಂದಿಗೆಯಲ್ಲಿ, ಮೇವು ಕುಡಿಯುವುದು ಟ್ಯಾಂಕರಿನಲ್ಲಿ

ಈ ತಿಂಗಳ ಪಾಠ: ಕೊಟ್ಟಿಗೆಯ ನೀರಿನ ಲೆಕ್ಕ



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಮಹಿಳಾ ಸಂಘಗಳ ಸಭೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಬೋರಿನಲ್ಲಿ ನೀರು ಕಮ್ಮಿಯಾಗಿದೆ, ಒಂದು ಹಸು ಮಾರಿಬಿಡೋಣವೇ?" ಕೆಲವರು ಮಾರಿಯೂ ಬಿಡುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಹಸು ಉಳಿಸಿಕೊಳ್ಳಲು ಸಾಲ ತೆಗೆದು ಇನ್ನೊಂದು ಬೋರು ಕೊರೆಸುತ್ತಾರೆ. ಹೀಗೆ ಹಸು ಮಾರುವ ಮುಂಚೆ, ಸಾಲ ತೆಗೆಯುವ ಮುಂಚೆ, ಕೊಟ್ಟಿಗೆಯ ನೀರು ಎಲ್ಲಿ ಖರ್ಚಾಗುತ್ತಿದೆ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಲೆಕ್ಕ ಹಾಕಿದವರಿಗೆ ಆಶ್ಚರ್ಯ ಕಾದಿದೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಸಂಗತಿ ನಿಮಗೆ ಗೊತ್ತೇ ಇದೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸುತ್ತಮುತ್ತಲೇ. ಆದರೂ ವರ್ಷಪೂರ್ತಿ ಹರಿಯುವ ನದಿ ನಮಗೆ ಒಂದೂ ಇಲ್ಲ. ಹಿರಿಯರು ಕೆರೆ ಕಟ್ಟಿ ಬದುಕಿದರು, ಆಮೇಲೆ ಕಪಿಲೆ ಬಾವಿ ಬಂತು, ಆಮೇಲೆ ಬೋರು ಬಂತು. ಈಗ ಸಾವಿರ ಅಡಿ ದಾಟಿ ಕೊರೆದರೂ ಧೂಳು ಮಾತ್ರ ಬರುವ ಊರುಗಳಿವೆ. ಮಳೆಗಾಲದ ಬೆಳೆ ಕೈಕೊಟ್ಟ ವರ್ಷವೂ ಮನೆ ನಡೆಸಿದ್ದು ಸೀಮೆಹಸುವಿನ ಹಾಲಿನ ಬಟವಾಡೆ. ಆದ್ದರಿಂದ ನೀರಿನ ವಿಷಯದಲ್ಲಿ ಹೈನುಗಾರಿಕೆಯನ್ನು ಬಯ್ಯುವುದು ಸುಲಭ, ಬಿಡುವುದು ಕಷ್ಟ. ಬಿಡಬೇಕಾಗಿಯೂ ಇಲ್ಲ.

ಒಂದು ದಿನದ ಲೆಕ್ಕ

ಎರಡು ಹಸು ಇರುವ ಮನೆಯನ್ನು ತೆಗೆದುಕೊಳ್ಳೋಣ. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ಸುಮಾರು 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ಹಸಿ ಮೇವು ಹೆಚ್ಚಾಗಿ ತಿಂದರೆ ಸ್ವಲ್ಪ ಕಡಿಮೆ, ಬರೀ ರಾಗಿ ಹುಲ್ಲು ತಿಂದರೆ ಇನ್ನೂ ಹೆಚ್ಚು. ಕಲಗಚ್ಚಿನ ನೀರೂ ಇದರಲ್ಲೇ ಸೇರಿತು. ಒಂದಕ್ಕೆ 70 ಎಂದು ಹಿಡಿದರೆ ಎರಡಕ್ಕೆ 140 ಲೀಟರ್.

ಇನ್ನು ಕೊಟ್ಟಿಗೆ ತೊಳೆಯುವುದು. ನಿಮ್ಮ ಪೈಪಿನಲ್ಲಿ 15 ಲೀಟರಿನ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಒಮ್ಮೆ ಮೊಬೈಲಿನಲ್ಲಿ ನೋಡಿ. 45 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 20 ಲೀಟರ್ ಬರುತ್ತಿದೆ ಎಂದರ್ಥ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಪೈಪು ಹಿಡಿದು ನಿಂತರೆ 400 ಲೀಟರ್ ಹೋಯಿತು. ಎರಡು ಹಸು ಕುಡಿದದ್ದಕ್ಕಿಂತ ಸುಮಾರು ಮೂರು ಪಾಲು. ಮೊದಲು ಸಗಣಿ ಎತ್ತಿ, ಗಟ್ಟಿ ಪೊರಕೆಯಲ್ಲಿ ಗುಡಿಸಿ, ಆಮೇಲೆ ಬಕೆಟ್ಟಿನಿಂದ ತೊಳೆದರೆ ಇದು 100 ಲೀಟರಿಗೆ ಇಳಿಯುತ್ತದೆ. ಇದು ಹೊಸ ಮಾತೇನಲ್ಲ, ನಿಮ್ಮ ಅತ್ತೆಯವರು ಹಾಗೇ ಮಾಡುತ್ತಿದ್ದರು.

ಈಗ ಮೇವಿಗೆ ಬನ್ನಿ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಅದರ ಮೇಲೆ ಎರಡು ಇಂಚು ನೀರು ನಿಲ್ಲುವಷ್ಟು ಒಂದು ಸಲ ಹಾಯಿಸಿದರೆ ಸುಮಾರು 5,100 ಲೀಟರ್. ಸಾಲಿನಲ್ಲಿ ಬಿಡುವ ನೀರು ಒಂದು ಕಟ್ಟಿಗೆ ಸಾಮಾನ್ಯವಾಗಿ ಇಷ್ಟಾದರೂ ಆಗುತ್ತದೆ. ಅಂದರೆ ಒಂದು ಗುಂಟೆ ನೇಪಿಯರ್ ಹುಲ್ಲು ಒಂದೇ ಸಲಕ್ಕೆ ಕುಡಿಯುವ ನೀರು ಒಂದು ಹಸುವಿಗೆ 70 ದಿನಕ್ಕಿಂತ ಹೆಚ್ಚು ಕಾಲ ಕುಡಿಯಲು ಸಾಕು!

ಹತ್ತು ಗುಂಟೆ ಹುಲ್ಲು ಹಾಕಿಕೊಂಡು ಹತ್ತು ದಿನಕ್ಕೊಮ್ಮೆ ನೀರು ಬಿಡುವ ಮನೆಯಲ್ಲಿ ಒಂದು ಸಲಕ್ಕೆ 51,000 ಲೀಟರ್. ದಿನದ ಲೆಕ್ಕಕ್ಕೆ ಇಳಿಸಿದರೆ ದಿನಕ್ಕೆ 5,100 ಲೀಟರ್. ಒಂದು ಟ್ಯಾಂಕರ್ ಎಂದುಕೊಳ್ಳಿ. ಹಸುಗಳು 140 ಲೀಟರ್ ಕುಡಿದರೆ, ಅವುಗಳ ಹಸಿ ಮೇವು ದಿನಕ್ಕೊಂದು ಟ್ಯಾಂಕರ್ ಕುಡಿಯುತ್ತಿದೆ.

ನಿಮ್ಮ ಬೋರಿನ ಲೆಕ್ಕವನ್ನೂ ಹೀಗೇ ನೋಡಬಹುದು. "ಒಂದೂವರೆ ಇಂಚು ನೀರು ಬರುತ್ತದೆ" ಎಂದು ಹೇಳಿದರೆ ಲೆಕ್ಕ ಸಿಗುವುದಿಲ್ಲ. 200 ಲೀಟರಿನ ಡ್ರಮ್ಮನ್ನು ಪೈಪಿನ ಕೆಳಗಿಡಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ಆ ಹತ್ತು ಗುಂಟೆಗೆ ಒಂದು ಸಲ ನೀರು ಕಟ್ಟಲು ಎಂಟೂವರೆ ಗಂಟೆ ಮೋಟರು ಓಡಬೇಕು. ಪಂಪ್‌ಸೆಟ್ಟಿಗೆ ಕರೆಂಟು ಬಿಲ್ಲು ಬರುವುದಿಲ್ಲವಾದ್ದರಿಂದ ಈ ಖರ್ಚು ನಮ್ಮ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಹಿಂಡಿ, ಬೂಸಾ ಮೂಟೆಯ ಬೆಲೆ ನಾಲಿಗೆ ತುದಿಯಲ್ಲಿರುತ್ತದೆ, ನೀರಿನದು ಇರುವುದಿಲ್ಲ. ಬೋರು ನಿಂತ ದಿನ ಎಲ್ಲಾ ಬಾಕಿ ಒಟ್ಟಿಗೆ ಬರುತ್ತದೆ. ಡ್ರಮ್ಮು ತುಂಬಿದ ಸಮಯವನ್ನು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ನಿಮಿಷ ಇದ್ದದ್ದು ಎರಡೂವರೆ, ಮೂರು ಆಗುತ್ತಾ ಬಂದರೆ ಬೋರು ನಿಲ್ಲುವ ಮುಂಚೆಯೇ ನಿಮಗೆ ತಿಳಿಯುತ್ತದೆ.

ಕುಡಿಯುವ ನೀರಿಗೆ ಕೈ ಹಾಕಬೇಡಿ

ನೀರು ಕಮ್ಮಿ ಎಂದ ಕೂಡಲೇ ಮೊದಲು ಕಡಿತವಾಗುವುದು ಹಸುವಿನ ಬಾನಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎರಡು ಬಿಂದಿಗೆ ತೋರಿಸಿ ಮುಗಿಸುತ್ತಾರೆ. ಇದರಲ್ಲಿ ಉಳಿಯುವುದು ಏನೂ ಇಲ್ಲ, ನಷ್ಟ ಮಾತ್ರ ಖಂಡಿತ. ಹಾಲಿನಲ್ಲಿ ಶೇಕಡ 87ರಷ್ಟು ನೀರೇ ಇರುತ್ತದೆ. ಹಸುವಿಗೆ ನೀರು ಸಾಲದಿದ್ದರೆ ಮೇವು ತಿನ್ನುವುದು ಕಮ್ಮಿ ಮಾಡುತ್ತದೆ, ಮಾರನೆಯ ದಿನವೇ ಡೈರಿಯ ಅಳತೆಯಲ್ಲಿ ಗೊತ್ತಾಗುತ್ತದೆ. ತೊಟ್ಟಿಯಲ್ಲಿ ಹಗಲು ರಾತ್ರಿ ನೀರಿರಲಿ. ಹಾಲು ಕರೆದ ಕೂಡಲೇ ಹಸುವಿಗೆ ಬಾಯಾರಿಕೆ ಹೆಚ್ಚು, ಆಗ ತೊಟ್ಟಿ ತುಂಬಿರಲಿ. ತೊಟ್ಟಿ ನೆರಳಿನಲ್ಲಿರಬೇಕು, ಸುಡುವ ನೀರನ್ನು ಹಸು ಮೂಸಿ ಬಿಟ್ಟುಬಿಡುತ್ತದೆ. ವಾರಕ್ಕೊಮ್ಮೆ ತಿಕ್ಕಿ, ಒಳಗೆ ಸುಣ್ಣ ಬಳಿದರೆ ಪಾಚಿ ಕಟ್ಟುವುದಿಲ್ಲ.

ಮೈ ತೊಳೆಯುವುದರಲ್ಲಿ ಬೇಕಾದರೆ ಉಳಿಸಿ. ದಿನಾ ಹಸುವನ್ನು ಪೈಪಿನಲ್ಲಿ ನೆನೆಸಬೇಕಿಲ್ಲ. ಕೆಚ್ಚಲು ತೊಳೆದು ಒರೆಸುವುದನ್ನು ಮಾತ್ರ ತಪ್ಪಿಸಬೇಡಿ, ಅದು ಕೆಚ್ಚಲುಬಾವಿಗೂ ಹಾಲಿನ ಗುಣಮಟ್ಟಕ್ಕೂ ಸಂಬಂಧಪಟ್ಟದ್ದು. ಒಂದು ಚೊಂಬು ನೀರು ಸಾಕು. ಕಡು ಬಿಸಿಲಿನ ಮಧ್ಯಾಹ್ನ ಒದ್ದೆ ಗೋಣಿಚೀಲ ಕಟ್ಟಿದ ತಡಿಕೆ ಕೊಟ್ಟಿಗೆಗೆ ತಂಪು ಕೊಡುತ್ತದೆ.

ಬೇಸಿಗೆಯ ಮೇವನ್ನು ಮಳೆಯಲ್ಲಿ ಬೆಳೆಯುವುದು

ಟ್ಯಾಂಕರು ಖರ್ಚಾಗುತ್ತಿರುವುದು ಹುಲ್ಲಿನ ಹೊಲದಲ್ಲಿ ಎಂದಾದ ಮೇಲೆ ಉಳಿತಾಯವೂ ಅಲ್ಲೇ ಆಗಬೇಕು. ದಾರಿ ಒಂದೇ ಅಲ್ಲ, ಆದರೆ ಎಲ್ಲಕ್ಕಿಂತ ದೊಡ್ಡದು ಇದು: ಏಪ್ರಿಲ್, ಮೇ ತಿಂಗಳ ಮೇವನ್ನು ಏಪ್ರಿಲ್, ಮೇನಲ್ಲಿ ಬೋರಿನಿಂದ ಬೆಳೆಯುವ ಬದಲು, ಮುಂಗಾರಿನ ಮಳೆಯಲ್ಲಿ ಬೆಳೆದು ರಸಮೇವು ಮಾಡಿಡುವುದು.

ಎರಡು ಹಸುವಿಗೆ ತಲಾ 15 ಕೆ.ಜಿ.ಯಂತೆ ಮೂರು ತಿಂಗಳಿಗೆ 2,700 ಕೆ.ಜಿ. ರಸಮೇವು ಬೇಕು. ಮಳೆ ಚೆನ್ನಾಗಿ ಬಿದ್ದ ವರ್ಷ ಹತ್ತು ಹನ್ನೆರಡು ಗುಂಟೆಯ ಮುಸುಕಿನ ಜೋಳದಲ್ಲಿ ಇಷ್ಟು ಸಿಗುತ್ತದೆ. ಮೇವಿಗೆ 'ಆಫ್ರಿಕನ್ ಟಾಲ್' ತಳಿ ನಮ್ಮಲ್ಲಿ ಎಲ್ಲರಿಗೂ ಪರಿಚಿತ. ಇಷ್ಟನ್ನು ತುಂಬಲು 8 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಗುಂಡಿ ಸಾಕು. ಗುಂಡಿ ಎತ್ತರದ ಜಾಗದಲ್ಲಿರಲಿ, ಮಳೆನೀರು ನುಗ್ಗಬಾರದು. ಗುಂಡಿ ಬೇಡ ಎನ್ನುವವರಿಗೆ ರಸಮೇವಿನ ಚೀಲಗಳೂ ಬಂದಿವೆ. ಒಂದು ಹಸುವಿನ ಮನೆಗೆ ಚೀಲವೇ ಅನುಕೂಲ.

ತೆನೆಯ ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಚಿಮ್ಮದೆ ಮೆತ್ತಗೆ ಹಿಟ್ಟಿನಂತಿರುವಾಗ ಕಟಾವು ಮಾಡಬೇಕು. ಯಂತ್ರದಲ್ಲಿ ಬೆರಳಿನ ಗೆಣ್ಣಿನುದ್ದಕ್ಕೆ ಕತ್ತರಿಸಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಅರ್ಧ ದಿನ ಬಾಡಿಸಬೇಕು. ಉಂಡೆ ನಿಲ್ಲದೆ ಪುಡಿಪುಡಿಯಾಗಿ ಉದುರಿದರೆ ಒಣಗಿ ಹೋಗಿದೆ, ಸ್ವಲ್ಪ ನೀರು ಚಿಮುಕಿಸಬೇಕು. ಉಂಡೆ ಕಟ್ಟಿ, ಅಂಗೈ ಮಾತ್ರ ತೇವವಾದರೆ ಸರಿಯಾಗಿದೆ. ಅರ್ಧ ಅಡಿಗೊಂದು ಪದರದಂತೆ ಹಾಕುತ್ತಾ ತುಳಿಯಬೇಕು. ಮನೆಮಂದಿ, ಮಕ್ಕಳೆಲ್ಲಾ ಇಳಿದು ತುಳಿಯಲಿ. ಒಳಗೆ ಗಾಳಿ ಉಳಿದರೆ ರಸಮೇವು ಆಗುವುದಿಲ್ಲ, ತಿಪ್ಪೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಮಣ್ಣು ಹೇರಿ, 45 ದಿನ ಮುಟ್ಟಬೇಡಿ. ತೆಗೆಯುವಾಗ ಒಂದು ಕಡೆಯಿಂದ ದಿನಕ್ಕೆ ಬೇಕಾದಷ್ಟು ಮಾತ್ರ ತೆಗೆದು ಮತ್ತೆ ಮುಚ್ಚಿ. ಹೊಂಬಣ್ಣ, ಹುಳಿಹುಳಿ ಪರಿಮಳ ಇದ್ದರೆ ಒಳ್ಳೆಯದು. ಬೂಷ್ಟು ಹಿಡಿದ ಭಾಗವನ್ನು ಹಸುವಿಗೆ ಹಾಕದೆ ತಿಪ್ಪೆಗೆ ಹಾಕಿ. ಹಾಲು ಕರೆದ ಮೇಲೆ ಕೊಡಿ, ಮೊದಲೇ ಕೊಟ್ಟರೆ ಹಾಲಿಗೆ ವಾಸನೆ ಹತ್ತುತ್ತದೆ.

ಹೀಗೆ ರಸಮೇವು, ರಾಗಿ ಹುಲ್ಲು ಕೈಯಲ್ಲಿದ್ದರೆ ಬೇಸಿಗೆಯಲ್ಲಿ ನೀರು ಹಾಯಿಸುವ ಹುಲ್ಲನ್ನು ಹತ್ತು ಗುಂಟೆಯಿಂದ ಮೂರು ಗುಂಟೆಗೆ ಇಳಿಸಬಹುದು. ಉಳಿದ ಏಳು ಗುಂಟೆಯ ನೇಪಿಯರ್ ಬೇರು ಬದುಕಿರುವಷ್ಟು ಅಪರೂಪಕ್ಕೊಮ್ಮೆ ನೀರು ಕಂಡರೆ ಸಾಕು, ಮಳೆ ಬಿದ್ದ ಮೇಲೆ ಚಿಗುರುತ್ತದೆ. ಒಂದು ಸಲದ ನೀರಿನಲ್ಲಿ ಸುಮಾರು 36,000 ಲೀಟರ್ ಉಳಿಯಿತು. ತಿಂಗಳಿಗೆ ಮೂರು ಸಲ ಎಂದರೆ ಒಂದು ಲಕ್ಷ ಲೀಟರ್ ಬೋರಿನಲ್ಲೇ ಉಳಿಯಿತು.

ಆ ಮೂರು ಗುಂಟೆಗೂ ಹನಿ ನೀರಾವರಿ ಹಾಕಿದರೆ ಇನ್ನೂ ಉತ್ತಮ. ಸಹಾಯಧನದ ವಿಚಾರ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅದಿಲ್ಲದಿದ್ದರೆ ಸಾಲು ಬಿಟ್ಟು ಸಾಲು ನೀರು ಕಟ್ಟಿ, ಮುಂದಿನ ಸಲ ಬಿಟ್ಟ ಸಾಲಿಗೆ ಕಟ್ಟಿ. ಹಸು ತಿಂದು ಬಿಟ್ಟ ಹುಲ್ಲಿನ ಕಡ್ಡಿಯನ್ನು ಬುಡಕ್ಕೆ ಹೊದಿಸಿ. ಕುದುರೆ ಮೆಂತ್ಯ ಬಹಳ ಒಳ್ಳೆಯ ಮೇವು ನಿಜ, ಆದರೆ ವರ್ಷವಿಡೀ ಅದಕ್ಕೆ ನೀರು ಬೇಕು. ನಮ್ಮ ಸೀಮೆಗೆ ಅದಕ್ಕಿಂತ ಮಳೆಗಾಲದಲ್ಲಿ ಜೋಳದ ಜೊತೆ ಅಲಸಂದೆ, ಹಿಂಗಾರಿನಲ್ಲಿ ಹುರುಳಿ, ಬದುವಿನ ಮೇಲೆ ಚೊಗಚೆ, ಗ್ಲಿರಿಸಿಡಿಯ, ನುಗ್ಗೆ ಲೇಸು. ಮರಕ್ಕೆ ಎರಡು ವರ್ಷ ನೀರು ಕೊಟ್ಟರೆ ಆಮೇಲೆ ಅದೇ ಹುಡುಕಿಕೊಳ್ಳುತ್ತದೆ. ಸುಬಾಬುಲ್ ಸೊಪ್ಪನ್ನು ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಕಬಾರದು. ರೇಷ್ಮೆ ಮನೆಯವರಿಗೆ ಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಇದ್ದೇ ಇದೆ.

ರಾಗಿ ಹುಲ್ಲನ್ನು ಕತ್ತರಿಸದೆ ಉದ್ದಕ್ಕೆ ಹಾಕಿದರೆ ಹಸು ಎಳೆದು, ತುಳಿದು ಹಾಳುಮಾಡುವುದೇ ಬಹಳ. ಹಾಳಾದ ಒಂದೊಂದು ಕಂತೆಯ ಬದಲಿಗೆ ನೀವು ಹಸಿ ಹುಲ್ಲು ಬೆಳೆಯುತ್ತೀರಿ, ಅಂದರೆ ನೀರು ಎತ್ತುತ್ತೀರಿ. ಮೇವು ಕತ್ತರಿಸುವ ಯಂತ್ರ ನೀರು ಉಳಿಸುವ ಯಂತ್ರವೂ ಹೌದು ಎಂದು ಈ ಕಾರಣಕ್ಕೆ ಹೇಳುವುದು.

ಇಲ್ಲಿ ಒಂದು ಎಚ್ಚರಿಕೆ. ನೀರು ಕಮ್ಮಿ ಬೇಡುತ್ತದೆ ಎಂದು ಬಿಳಿಜೋಳ, ಮೇವಿನ ಜೋಳ ಹಾಕುವವರು ಇದನ್ನು ಮನಸ್ಸಿನಲ್ಲಿಡಿ. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ, ಬರದ ನಂತರ ಮಳೆ ಬಿದ್ದು ಹೊಸದಾಗಿ ಒಡೆದ ಚಿಗುರಿನಲ್ಲಿ ವಿಷ ಇರುತ್ತದೆ. ಮೊಣಕಾಲೆತ್ತರದ ಜೋಳಕ್ಕೆ ಹಸು ಬಾಯಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು, ಒದ್ದಾಡಿ ಬೀಳುತ್ತದೆ. ಹೂ ಬಿಡುವ ಹಂತಕ್ಕೆ ಬಂದ ಮೇಲೆಯೇ ಕೊಯ್ದು ಹಾಕಿ. ಹಗ್ಗ ಬಿಚ್ಚಿಕೊಂಡ ಹಸು ಪಕ್ಕದ ಹೊಲದ ಎಳೆ ಜೋಳಕ್ಕೆ ನುಗ್ಗಿತ್ತು ಎಂದಾದರೆ ಕಾಯಬೇಡಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಬೇಗ ಬಂದರೆ ಚುಚ್ಚುಮದ್ದಿನಿಂದ ಉಳಿಸಬಹುದು.

ಗಂಜಲ ಎಲ್ಲಿಗೆ ಹೋಗುತ್ತದೆ?

ಇಲ್ಲಿಯವರೆಗೆ ಹೇಳಿದ್ದು ಬೋರಿನಿಂದ ಮೇಲೆ ಬರುವ ನೀರಿನ ಮಾತು. ಕೊಟ್ಟಿಗೆಯಿಂದ ಕೆಳಗೆ ಇಳಿಯುವ ನೀರಿನ ಮಾತು ಇನ್ನೂ ಮುಖ್ಯವಾದದ್ದು, ಅದರ ಬಗ್ಗೆ ಸಭೆಗಳಲ್ಲಿ ಯಾರೂ ಕೇಳುವುದಿಲ್ಲ.

ಒಂದು ಮಿಶ್ರತಳಿ ಹಸು ದಿನಕ್ಕೆ 15ರಿಂದ 20 ಕೆ.ಜಿ. ಸಗಣಿ, ಹತ್ತು ಲೀಟರಿಗೂ ಹೆಚ್ಚು ಗಂಜಲ ಕೊಡುತ್ತದೆ. ಎರಡು ಹಸುವಿನ ಸಗಣಿಯೇ ವರ್ಷಕ್ಕೆ 12 ಟನ್ ದಾಟುತ್ತದೆ. ಹೊಲಕ್ಕೆ ಹೋದರೆ ಬಂಗಾರ. ಆದರೆ ಹಲವು ಮನೆಗಳಲ್ಲಿ ಗಂಜಲ, ತೊಳೆದ ನೀರು ಕೊಟ್ಟಿಗೆಯ ಹಿಂದೆ ನಿಂತು, ಅಲ್ಲೇ ಇಂಗುತ್ತದೆ. ತಿಪ್ಪೆ ಬಾವಿಯ ಮಗ್ಗುಲಲ್ಲೇ ಇರುತ್ತದೆ. ಗಂಜಲದಲ್ಲಿರುವ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ, ಮಳೆನೀರಿನ ಜೊತೆ ಸೀದಾ ಕೆಳಗಿಳಿದು ಬಾವಿ, ಬೋರು ಸೇರುತ್ತದೆ. ನೀರಿಗೆ ಬಣ್ಣ ಬರುವುದಿಲ್ಲ, ವಾಸನೆ ಬರುವುದಿಲ್ಲ, ರುಚಿ ಕೆಡುವುದಿಲ್ಲ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ದೊಡ್ಡವರಿಗಿಂತ ಅಪಾಯ ಹೆಚ್ಚು ಇರುವುದು ಆರು ತಿಂಗಳೊಳಗಿನ ಕೂಸಿಗೆ. ಹಾಲಿನ ಪುಡಿಯನ್ನು ಇಂಥ ನೀರಿನಲ್ಲಿ ಕಲಸಿ ಕೊಟ್ಟರೆ ಮಗುವಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು, ತುಟಿ, ಉಗುರು ನೀಲಿಗಟ್ಟುತ್ತವೆ. ಹಾಗೆ ಕಂಡ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮುಖ್ಯವಾಗಿ ತಿಳಿಯಬೇಕಾದದ್ದು: ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲಿ ಬಾಣಂತಿ ಇದ್ದು, ಮಗುವಿಗೆ ಮೇಲುಹಾಲು ಕೊಡುತ್ತಿದ್ದರೆ, ಕೊಟ್ಟಿಗೆಯ ಹತ್ತಿರದ ಬಾವಿ ನೀರು ಬೇಡ.

ನಮ್ಮ ಸೀಮೆಯ ಫ್ಲೋರೈಡ್ ಬೇರೆ ಸಂಗತಿ. ಅದು ಸಗಣಿಯಿಂದ ಬಂದದ್ದಲ್ಲ, ಆಳದ ಬಂಡೆಯಿಂದ ಬಂದದ್ದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹಳ ಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮೂಳೆ ಬಿಗಿಯುತ್ತದೆ. ಹೆಚ್ಚು ಫ್ಲೋರೈಡ್ ದನಗಳಿಗೂ ಹೀಗೇ ಕೆಡುಕು, ಹಲ್ಲು ಸವೆಯುತ್ತದೆ, ಕುಂಟುತ್ತವೆ. ನೀರು ಪರೀಕ್ಷೆ ಮಾಡಿಸುವಾಗ ಎರಡನ್ನೂ ಕೇಳಿ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡಿದೆ. ನಿಮ್ಮೂರಿನ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಸಂಘದ ಸದಸ್ಯೆಯರೇ ಆಗಿರಬಹುದು.

ಕೆಲಸ ಎಲ್ಲಿಂದ ಶುರುಮಾಡಬೇಕು ಎಂದರೆ ಕೊಟ್ಟಿಗೆಯ ನೆಲದಿಂದ. ಹತ್ತು ಅಡಿಗೆ ಮೂರು ಇಂಚು ಇಳಿಜಾರಿದ್ದರೆ ಗಂಜಲ ತಾನೇ ಹರಿದು ಚರಂಡಿ ಸೇರುತ್ತದೆ, ತೊಳೆಯುವ ನೀರೂ ಕಮ್ಮಿ ಸಾಕು. ಚರಂಡಿಯ ಕೊನೆಗೆ ಸಿಮೆಂಟಿನ ಒಂದು ಚಿಕ್ಕ ತೊಟ್ಟಿ, ಅಲ್ಲಿ ಗಸಿ ತಂಗಲಿ. ಅಲ್ಲಿಂದ ನೇಪಿಯರ್ ಸಾಲಿಗೆ. ಬೇಸಿಗೆಗೆ ಉಳಿಸಿಕೊಂಡ ಆ ಮೂರು ಗುಂಟೆ ಕೊಟ್ಟಿಗೆಯ ತಗ್ಗಿನ ಕಡೆಗೇ ಇದ್ದರೆ ನೀರು, ಗೊಬ್ಬರ ಎರಡೂ ಒಟ್ಟಿಗೆ ಸಿಕ್ಕಿತು. ನೇಪಿಯರ್ ಹಸಿದ ಬೆಳೆ, ಸಾರಜನಕವನ್ನು ಚೆನ್ನಾಗಿ ಹೀರುತ್ತದೆ. ಆದರೂ ದಿನಾ ಅದೇ ಸಾಲಿಗೆ ಬಿಡಬೇಡಿ, ವಾರಕ್ಕೊಂದು ಸಾಲು ಬದಲಿಸಿ. ನೆಲ ಯಾವಾಗಲೂ ಕೊಚ್ಚೆಯಾಗಿದ್ದರೆ ಬೆಳೆ ಹೀರಲಾರದಷ್ಟು ಹೋಗುತ್ತಿದೆ ಎಂದರ್ಥ.

ತಿಪ್ಪೆ ಬಾವಿಯಿಂದ, ಬೋರಿನಿಂದ ಕನಿಷ್ಠ 50 ಅಡಿ ದೂರ, ಅದೂ ತಗ್ಗಿನ ಕಡೆಗೆ ಇರಲಿ. ಸುತ್ತ ಒಂದು ಅಡಿ ಬದು ಹಾಕಿ, ಮೇಲೆ ತೆಂಗಿನ ಗರಿಯದ್ದಾದರೂ ಚಪ್ಪರ ಕಟ್ಟಿ. ಬಿಸಿಲು, ಮಳೆ ಎರಡೂ ಬೀಳುವ ತಿಪ್ಪೆಯಲ್ಲಿ ಗೊಬ್ಬರದ ಸಾರ ಅರ್ಧ ಗಾಳಿಗೆ, ಅರ್ಧ ನೆಲಕ್ಕೆ ಹೋಗಿ, ನಿಮಗೆ ಬರೀ ಕಸ ಉಳಿಯುತ್ತದೆ. ಹಸುವಿನ ಕೆಳಗೆ ಒಣ ಹುಲ್ಲಿನ ಕಡ್ಡಿ, ತರಗು ಹಾಸಿದರೆ ಗಂಜಲ ಹೀರಿಕೊಂಡು ಅದೂ ತಿಪ್ಪೆಗೆ ಬರುತ್ತದೆ. ಮೂರು ನಾಲ್ಕು ಹಸು ಇರುವವರಿಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸರಿಹೊಂದುತ್ತದೆ. ಅದಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಆ ನೀರಿಗೆ ಕೊಟ್ಟಿಗೆ ತೊಳೆದ ನೀರನ್ನೇ ಹಾಕಿ, ಫಿನೈಲು, ಬ್ಲೀಚಿಂಗ್ ಪುಡಿ ಸೇರಿರಬಾರದು ಅಷ್ಟೇ.

ಬತ್ತಿದ ಬೋರು ಮತ್ತು ಕೊಟ್ಟಿಗೆಯ ಮಾಡು

ಬತ್ತಿಹೋದ ಬೋರಿನ ಬಾಯಿಗೆ ಕೊಟ್ಟಿಗೆಯ ಚರಂಡಿ ತಿರುಗಿಸಿ "ಇಂಗಿಸುತ್ತಿದ್ದೇವೆ" ಎನ್ನುವವರು ಕೆಲವರಿದ್ದಾರೆ. ಇದನ್ನು ದಯವಿಟ್ಟು ಮಾಡಬೇಡಿ. ಮಣ್ಣಿನಲ್ಲಿ ಇಂಗುವ ನೀರು ಸ್ವಲ್ಪವಾದರೂ ಸೋಸುತ್ತದೆ. ಬೋರಿನ ಕೊಳವೆ ಕೊಳೆಯನ್ನು ನೂರಾರು ಅಡಿ ಕೆಳಗೆ, ಅಕ್ಕಪಕ್ಕದವರ ಬೋರಿನ ನೀರಿಗೇ ತಲುಪಿಸುತ್ತದೆ. ಅಲ್ಲಿ ಹೋದದ್ದನ್ನು ತೊಳೆದು ತೆಗೆಯುವ ಉಪಾಯ ಯಾರಲ್ಲೂ ಇಲ್ಲ. ಬತ್ತಿದ ಬೋರನ್ನು ಭದ್ರವಾಗಿ ಮುಚ್ಚಿಸಿ, ಆಡುವ ಮಕ್ಕಳಿರುವ ಊರು ನಮ್ಮದು. ಮರುಪೂರಣ ಮಾಡುವುದಾದರೆ ಜಲ್ಲಿ, ಮರಳಿನ ಗುಂಡಿಯಲ್ಲಿ ಸೋಸಿದ ಶುದ್ಧ ಮಳೆನೀರು ಮಾತ್ರ, ಅದೂ ತಿಳಿದವರ ಸಲಹೆಯಂತೆ.

ಮಳೆನೀರು ಎಂದಾಗ ಕೊಟ್ಟಿಗೆಯ ಮಾಡನ್ನು ನೋಡಿ. 20 ಅಡಿಗೆ 15 ಅಡಿ ತಗಡಿನ ಮಾಡಿನ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ, ಸೋರಿದ್ದು ಬಿಟ್ಟು 15,000 ಲೀಟರ್ ಹಿಡಿಯಬಹುದು. ಎರಡು ಹಸುವಿಗೆ ನೂರು ದಿನ ಕುಡಿಯುವ ನೀರಾಯಿತು. ಅಷ್ಟು ದೊಡ್ಡ ತೊಟ್ಟಿ ಎಲ್ಲರೂ ಕಟ್ಟಲಾರರು. 2,000 ಲೀಟರಿನ ಸಿಂಟೆಕ್ಸ್ ಇಟ್ಟರೂ ಮಳೆಗಾಲದಲ್ಲಿ ಅದು ಮತ್ತೆ ಮತ್ತೆ ತುಂಬುತ್ತದೆ. ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಡಿ. ಈ ನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ.

ಕೆರೆಯ ವಿಷಯ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಕೆ.ಸಿ. ವ್ಯಾಲಿ ಎಂದರೆ ಮಕ್ಕಳಿಗೂ ಗೊತ್ತು. ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟವರೂ ಇದ್ದಾರೆ, ನೀರಿನ ಗುಣದ ಬಗ್ಗೆ ಅನುಮಾನಪಟ್ಟವರೂ ಇದ್ದಾರೆ. ಅದು ಅಂತರ್ಜಲ ಮರುಪೂರಣಕ್ಕೆಂದು ಬಿಟ್ಟ ನೀರು, ನೇರವಾಗಿ ಕುಡಿಯಲು ಅಲ್ಲ. ಆದ್ದರಿಂದ ಅಂಥ ಕೆರೆಗೆ ಹಸುವನ್ನು ನೀರಿಗೆ ಬಿಡದಿರುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಯಾವ ಕೆರೆಯಾದರೂ ಸರಿ, ಊರಿನ ಕೊಟ್ಟಿಗೆಗಳ ನೀರು ರಾಜಕಾಲುವೆ ಹಿಡಿದು ಕೆರೆ ಸೇರಿದರೆ ಅಂತರಗಂಗೆ ಹಬ್ಬುತ್ತದೆ, ಮೀನು ಸಾಯುತ್ತದೆ. ಕೆಟ್ಟ ಹಾಲನ್ನೂ ಚರಂಡಿಗೆ ಸುರಿಯಬೇಡಿ. ಹಾಲು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲಾ ಎಳೆದುಕೊಳ್ಳುತ್ತದೆ. ಕೆಚ್ಚಲುಬಾವಿಗೆ ಔಷಧಿ ಹಾಕಿದ ಹಸುವಿನ ಹಾಲನ್ನು ಬಾವಿ, ಕೆರೆಯಿಂದ ದೂರದಲ್ಲಿ ಗುಂಡಿ ತೋಡಿ, ಒಣ ಮಣ್ಣು ಬೆರೆಸಿ ಮುಚ್ಚಿ.

ಕೇಳುವವರ ಪ್ರಶ್ನೆಗಳು

"ಹಾಗಾದರೆ ಹಸು ಮಾರಬೇಕೋ ಬೇಡವೋ?" ಬೋರನ್ನು ನೋಡಿ ತೀರ್ಮಾನಿಸಬೇಡಿ. ಸಂಕ್ರಾಂತಿಯ ಹೊತ್ತಿಗೆ ಬಣವೆಯಲ್ಲಿ ಎಷ್ಟು ರಾಗಿ ಹುಲ್ಲಿದೆ, ಗುಂಡಿಯಲ್ಲಿ ಎಷ್ಟು ರಸಮೇವಿದೆ ಎಂದು ನೋಡಿ. ಅದು ಎಷ್ಟು ಹಸುವಿಗೆ ಜೂನ್‌ವರೆಗೆ ಸಾಕೋ ಅಷ್ಟು ಹಸು ಇಟ್ಟುಕೊಳ್ಳಿ. ನಾಲ್ಕು ಲೀಟರ್ ಕೊಡುವ ಎರಡು ಹಸುವಿಗಿಂತ ಹತ್ತು ಲೀಟರ್ ಕೊಡುವ ಒಂದು ಹಸು ನೀರಿನ ಲೆಕ್ಕದಲ್ಲೂ ಮೇಲು, ಏಕೆಂದರೆ ಬರೀ ಜೀವ ಹಿಡಿದಿಡಲೇ ಪ್ರತಿ ಹಸುವಿಗೂ ಅಷ್ಟಷ್ಟು ಮೇವು ಹೋಗುತ್ತದೆ. ಬೋರಿನ ಟ್ಯಾಂಕರ್ ನೀರಿನ ಮೇಲೇ ನಿಂತ ಮೂರನೆಯ ಹಸು ಲಾಭದ ಹಸು ಅಲ್ಲ.

"ಬೋರು ಕೊರೆಸುವ ತೀರ್ಮಾನ ನಮ್ಮನ್ನು ಕೇಳಿ ಮಾಡುತ್ತಾರೆಯೇ?" ಇದನ್ನು ಕೇಳಿ ಸಭೆಯಲ್ಲಿ ಎಲ್ಲರೂ ನಗುತ್ತಾರೆ, ಆದರೆ ನಗುವ ಮಾತಲ್ಲ. ಸಗಣಿ ನಿಮ್ಮ ಕೈಯಲ್ಲಿ, ಸಾಲದ ಪತ್ರ ಯಜಮಾನರ ಹೆಸರಲ್ಲಿ, ತೀರಿಸುವುದು ಹಾಲಿನ ಬಟವಾಡೆಯಲ್ಲಿ. ಡ್ರಮ್ಮಿನ ಲೆಕ್ಕ, ಗುಂಟೆಯ ಲೆಕ್ಕ ಬರೆದ ಕ್ಯಾಲೆಂಡರ್ ತೋರಿಸಿ ಮಾತಾಡಿದರೆ ಮನೆಯಲ್ಲಿ ಆ ಮಾತಿಗೆ ತೂಕ ಬರುತ್ತದೆ.

"ರಸಮೇವಿನ ಗುಂಡಿ ತೆಗೆಯಲು, ಕತ್ತರಿಸಲು ಒಬ್ಬಳ ಕೈಯಲ್ಲಿ ಆಗುವುದಿಲ್ಲ." ನಿಜ. ಮುಯ್ಯಾಳು ಪದ್ಧತಿ ರಾಗಿ ಕುಯ್ಲಿಗೆ ಮಾತ್ರ ಏಕಿರಬೇಕು? ನಾಲ್ಕು ಮನೆಯವರು ಸೇರಿ ಒಂದು ಮೇವು ಕತ್ತರಿಸುವ ಯಂತ್ರ ಇಟ್ಟುಕೊಂಡು, ದಿನಕ್ಕೊಂದು ಮನೆಯ ಗುಂಡಿ ತುಂಬಿ. ಯಂತ್ರಕ್ಕೆ, ರಬ್ಬರ್ ಹಾಸಿಗೆಗೆ, ಮೇವಿನ ಬೀಜಕ್ಕೆ ಈ ವರ್ಷ ಏನು ರಿಯಾಯಿತಿ ಇದೆ ಎಂದು ನಿಮ್ಮ ಸಂಘದ ಕಾರ್ಯದರ್ಶಿಯವರನ್ನೋ ವಿಸ್ತರಣಾಧಿಕಾರಿಯವರನ್ನೋ ಮೇ ತಿಂಗಳೊಳಗೆ ಕೇಳಿಬಿಡಿ. ಮುಂಗಾರು ಬಿದ್ದ ಮೇಲೆ ಕೇಳಿದರೆ ಬೀಜ ಸಿಗುವಷ್ಟರಲ್ಲಿ ಹದ ಹೋಗಿರುತ್ತದೆ.